ಗಾಳಿಯ ಪೋಡಿ

ನಮ್ಮ ಮಲೆನಾಡಿನ ವಸ್ತಾರೆ ಸೀಮೆಯಲ್ಲಿ ನೆಟ್ಟಗಿರುವುದು ಸಿಲ್ವರ್ ಮರ ಒಂದೇ. ಬಾಕಿಯದ್ದೆಲ್ಲ ಸೊಟ್ಟ. ರಸ್ತೆ ಸೊಟ್ಟ, ಹಳ್ಳ ಸೊಟ್ಟ, ಧರೆ ಸೊಟ್ಟ. ಬೇಲಿಯ ವಿಷಯ ಕೇಳಲೇಬೇಡಿ, ಮಳೆಗಾಲ ಕಳೆದ ಮೇಲೆ ಅದು ಎಲ್ಲಿರುತ್ತದೆ ಎಂಬುದು ಪಕ್ಕದ ತೋಟದವರ ಧೈರ್ಯಕ್ಕೆ ಬಿಟ್ಟದ್ದು. ಇಂಥ ನೆಲವನ್ನು ಪೋಡಿ ಮಾಡಲು ಸರ್ವೆಯವರು ಬಂದರೆ ಅವರ ಸರಪಳಿ ಮೊದಲು ಕಾಫಿ ಗಿಡಕ್ಕೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ಮೆಣಸಿನ ಬಳ್ಳಿಗೆ, ಕೊನೆಗೆ ಅಣ್ಣತಮ್ಮಂದಿರ ಮಾತಿಗೆ. ಪೋಡಿ ಅಂದರೆ ಗೊತ್ತಲ್ಲ? ಒಂದು ಸರ್ವೆ ನಂಬರನ್ನು ಹಿಸ್ಸೆಗಳಾಗಿ ಒಡೆದು ಒಂದೊಂದಕ್ಕೂ ಬಾಂದುಕಲ್ಲು, ಚಕ್ಕುಬಂದಿ, ಪಹಣಿ ಮಾಡಿಕೊಡುವುದು.

ನನಗೆ ಸಂಬಳ ತರುವ ಕೆಲಸವೂ ಪೋಡಿಯೇ. ಆದರೆ ಅದು ಗಾಳಿಯ ಪೋಡಿ. ಬೆಂಗಳೂರಿನ ಎಂಜಿನಿಯರಿಂಗ್ ಕಚೇರಿಗಳಲ್ಲಿ ಇದಕ್ಕೆ ಮೆಶಿಂಗ್ ಅನ್ನುತ್ತಾರೆ. ಎಲ್ಲೋ ಹೊರದೇಶದಲ್ಲಿ ಒಂದು ಕಾರಿನ ಮಾದರಿ ಕಂಪ್ಯೂಟರಿನಲ್ಲಿ ತಯಾರಾಗುತ್ತದೆ. ಅದರ ಸುತ್ತ ಗಾಳಿ ಹೇಗೆ ಹರಿಯುತ್ತದೆ ಅಂತ ಲೆಕ್ಕ ಹಾಕುವ ಮೊದಲು ಆ ಗಾಳಿಯನ್ನು ಕೋಟಿಗಟ್ಟಲೆ ಚೂರು ಮಾಡಬೇಕು. ಚೂರು ಮಾಡುವ ಕೂಲಿ ನಮ್ಮ ಕಡೆಗೆ ಬರುತ್ತದೆ. ಮನೆಯಿಂದಲೇ ಕೆಲಸ ಮಾಡುವ ಅನುಕೂಲ ಬಂದ ಮೇಲೆ, ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಇರುವ ದಿನಗಳಲ್ಲಿ, ವಸ್ತಾರೆಗೂ ಬರುತ್ತದೆ.

ಪಕ್ಕದ ತೋಟದ ದೊಡ್ಡಪ್ಪನಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. "ಅಲ್ಲ ಮಾರಾಯ, ನೆಲ ಆದ್ರೆ ಸರಿ. ಗಾಳಿಗೆ ಎಲ್ಲಿ ಬಾಂದುಕಲ್ಲು ಹುಗೀತೀಯ? ಹುಗಿದ್ರೂ ಅದು ಅಲ್ಲೇ ಇರ್ತದಾ?" ಎಂದು ಕೇಳಿದರು. ಪ್ರಶ್ನೆ ಸಾಮಾನ್ಯದ್ದಲ್ಲ. ಕಲ್ಲು ಅಲ್ಲೇ ಇರುತ್ತದೆ ದೊಡ್ಡಪ್ಪ, ಗಾಳಿ ಅದನ್ನು ದಾಟಿ ಹೋಗುತ್ತದೆ, ದಾಟಿದ್ದು ಎಷ್ಟು ಅಂತ ಬರೆದುಕೊಳ್ಳುವುದೇ ಕೆಲಸ ಎಂದೆ. "ಹಾಗಾದ್ರೆ ನೀನು ಚೆಕ್‌ಪೋಸ್ಟ್ ಗಾರ್ಡು" ಎಂದು ತೀರ್ಪು ಕೊಟ್ಟು ಎಲೆಅಡಿಕೆ ಹಾಕಿಕೊಂಡರು.

ತೀರ್ಪು ಸರಿಯಾಗಿಯೇ ಇದೆ. ನೀರು, ಗಾಳಿ ಇಂಥವುಗಳ ಹರಿವಿಗೆ ಹೊಂದುವ ಸಮೀಕರಣಗಳನ್ನು ಫ್ರಾನ್ಸಿನ ಸೇತುವೆ ಎಂಜಿನಿಯರ್ ನೇವಿಯೆ 1822ರಲ್ಲಿ ಬರೆದ, ಕೇಂಬ್ರಿಜಿನ ಸ್ಟೋಕ್ಸ್ 1845ರಲ್ಲಿ ಗಟ್ಟಿ ಮಾಡಿದ. ನೇವಿಯೆ ಬರೆದು ಎರಡು ಶತಮಾನ ದಾಟಿತು, ಅವುಗಳಿಗೆ ಎಲ್ಲ ಸಂದರ್ಭದಲ್ಲೂ ಸರಿಯಾದ ಉತ್ತರ ಇದ್ದೇ ಇರುತ್ತದೆಯೇ ಎಂದು ಸಾಧಿಸಿ ತೋರಿಸಿದವರಿಲ್ಲ. ತೋರಿಸಿದವರಿಗೆ ಹತ್ತು ಲಕ್ಷ ಡಾಲರ್ ಎಂದು ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಸಾರಿತು. ಹಣ ಇನ್ನೂ ಅಲ್ಲೇ ಇದೆ. ಕಾಫಿ ರೇಟು ಬಿದ್ದ ವರ್ಷ ಒಂದು ಕೈ ನೋಡಬಹುದು.

ಕಾಗದದ ಮೇಲೆ ಬಿಡಿಸಲಾಗದ್ದನ್ನು ಚೂರು ಮಾಡಿ ಬಿಡಿಸುವುದು ಉಪಾಯ. ಪ್ರತಿ ಚೂರಿಗೂ ಒಂದು ಪಹಣಿ: ಇಲ್ಲಿ ಒತ್ತಡ ಎಷ್ಟು, ವೇಗ ಎಷ್ಟು, ಯಾವ ಕಡೆಗೆ. ಪ್ರತಿ ಚೂರಿಗೂ ಚಕ್ಕುಬಂದಿ: ಪೂರ್ವಕ್ಕೆ ಯಾವ ಚೂರು, ಪಶ್ಚಿಮಕ್ಕೆ ಯಾವುದು, ಮೇಲೆ ಯಾವುದು, ಕೆಳಗೆ ಯಾವುದು. ನನ್ನ ಗಡಿ ದಾಟಿ ಹೋದ ಗಾಳಿ ಪಕ್ಕದವನ ಲೆಕ್ಕಕ್ಕೆ ಪೂರ್ತಿ ಜಮೆಯಾಗಬೇಕು, ನಡುವೆ ಒಂದು ಗುಲಗಂಜಿಯೂ ಕಾಣೆಯಾಗಬಾರದು. ನೆಲದ ಪೋಡಿಯಲ್ಲಿ ಈ ಕಟ್ಟುನಿಟ್ಟು ಇದ್ದಿದ್ದರೆ ವಕೀಲರಿಗೆ ಅರ್ಧ ಕೆಲಸ ಇರುತ್ತಿರಲಿಲ್ಲ.

ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಕೈಗೆತ್ತಿಕೊಂಡವನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷಿನವ. ಕ್ವೇಕರ್ ಪಂಥದವನಾದ್ದರಿಂದ ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲೊಲ್ಲದೆ ಫ್ರಾನ್ಸಿನಲ್ಲಿ ಗಾಯಾಳುಗಳ ಗಾಡಿ ಓಡಿಸಿದ. ಬಿಡುವಿನಲ್ಲಿ ಏನು ಮಾಡಿದ ಅನ್ನುತ್ತೀರಿ? ಯುರೋಪಿನ ಆಕಾಶವನ್ನು ಸುಮಾರು 200 ಕಿಲೋಮೀಟರಿನ ಚೌಕಗಳಾಗಿ ಪೋಡಿ ಮಾಡಿ, 1910ರ ಮೇ 20ರಂದು ಹವೆ ಆರು ಗಂಟೆಯಲ್ಲಿ ಹೇಗೆ ಬದಲಾಗಬೇಕಿತ್ತು ಎಂದು ಕೈಯಲ್ಲೇ ಲೆಕ್ಕ ಹಾಕಿದ. ಆಗಿಹೋದ ದಿನದ ಮುನ್ಸೂಚನೆ! ಲೆಕ್ಕದಲ್ಲಿ ಒತ್ತಡ 145 ಮಿಲಿಬಾರ್ ಏರಿತು. ನಿಜವಾಗಿ ಆವತ್ತು ಏನೂ ಏರಿರಲಿಲ್ಲ. ಚೌಕದ್ದು ಇದರಲ್ಲಿ ಹೆಚ್ಚು ತಪ್ಪಿಲ್ಲ, ಮೊದಲಿಗೆ ತುಂಬಿದ ಅಂಕಿಗಳಲ್ಲಿ ಗಾಳಿಗೂ ಒತ್ತಡಕ್ಕೂ ತಾಳಮೇಳ ಇರಲಿಲ್ಲ ಎಂದು ಆಮೇಲಿನವರು ತೋರಿಸಿದರು. ಹಸ್ತಪ್ರತಿ ಯುದ್ಧದ ಗಲಾಟೆಯಲ್ಲಿ ಕಳೆದುಹೋಗಿ, ತಿಂಗಳುಗಳ ಮೇಲೆ ಬೆಲ್ಜಿಯಮ್ಮಿನಲ್ಲಿ ಕಲ್ಲಿದ್ದಲ ರಾಶಿಯ ಅಡಿ ಸಿಕ್ಕಿತು. 1922ರಲ್ಲಿ ಪುಸ್ತಕವಾಯಿತು. ಸೋತ ಲೆಕ್ಕವನ್ನೂ ಬಿಡದೆ ಅಚ್ಚು ಹಾಕಿಸಿದ. ಅದೇ ಪುಸ್ತಕದಲ್ಲಿ, ಒಂದು ದೊಡ್ಡ ಗೋಳಾಕಾರದ ಸಭಾಂಗಣದಲ್ಲಿ 64,000 ಜನ ಕೂತು ಭೂಮಿಯ ಹವೆಯನ್ನೆಲ್ಲ ಲೆಕ್ಕ ಹಾಕುವ ಕನಸನ್ನೂ ಬರೆದ. ಆ 64,000 ಜನಕ್ಕೆ ಕಾಫಿ ಎಷ್ಟು ಬೇಕಾಗುತ್ತಿತ್ತು ಎಂಬುದು ದೊಡ್ಡಪ್ಪನ ಪ್ರಶ್ನೆ.

ಚೌಕ ಅಂದರೆ ಸುಲಭ. ಲಕ್ಯಾ ಹೋಬಳಿಯ ಬಯಲಿನ ಹಾಗೆ ನೆಲ ಸಪಾಟಾಗಿದ್ದರೆ ಸಾಲು, ಅಡ್ಡಸಾಲು ಎಳೆದರೆ ಮುಗಿಯಿತು. ಏಳನೇ ಸಾಲಿನ ಒಂಬತ್ತನೇ ಮನೆಗೆ ಚಕ್ಕುಬಂದಿ ಬರೆದಿಡುವುದೇ ಬೇಡ, ಪಕ್ಕದ್ದು ಹತ್ತನೆಯದು ಎಂದು ಯಂತ್ರಕ್ಕೆ ತಾನಾಗಿ ಗೊತ್ತು. ತೊಂದರೆ ಶುರುವಾಗುವುದು ಆಲ್ದೂರಿನ ಕಡೆ ತಿರುಗಿದ ಮೇಲೆ. ಸೊಟ್ಟ ಜಾಗಕ್ಕೆ ಚೌಕ ಕೂರುವುದಿಲ್ಲ. ಆಗ ತ್ರಿಕೋನ.

ತ್ರಿಕೋನದ ಮಹಿಮೆ ನಮ್ಮ ಮೈಸೂರು ಸೀಮೆಗೆ ಹಳೆಯದು. ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸರ್ವೆಯವನು 1800ರಲ್ಲಿ ಬೆಂಗಳೂರಿನ ಹತ್ತಿರ ನೆಲದ ಮೇಲೆ ಒಂದು ಗೆರೆಯನ್ನು ಸರಪಳಿಯಿಂದ ಅಳೆದ. 1802ರಲ್ಲಿ ಮದ್ರಾಸಿನಲ್ಲಿ ಇನ್ನೊಂದನ್ನು ಅಳೆದು ಅಲ್ಲಿಂದ ಬೆಟ್ಟದ ತಲೆಯಿಂದ ಬೆಟ್ಟದ ತಲೆಗೆ ಕೋನ ನೋಡುತ್ತ, ತ್ರಿಕೋನದ ಮಗ್ಗುಲಿಗೆ ತ್ರಿಕೋನ ಜೋಡಿಸುತ್ತ ಪಶ್ಚಿಮ ಘಟ್ಟ ದಾಟಿ ಮಂಗಳೂರು ಮುಟ್ಟಿದ. ಮುಟ್ಟುವಾಗ ಪರ್ಯಾಯ ದ್ವೀಪದ ಅಗಲ ಹಳೆಯ ನಕ್ಷೆಯಲ್ಲಿದ್ದದ್ದಕ್ಕಿಂತ ಸುಮಾರು 40 ಮೈಲಿ ಕಡಿಮೆಯಾಗಿತ್ತು. ಒಂದು ಬಾಂದುಕಲ್ಲನ್ನೂ ಅಲುಗಿಸದೆ ಇಷ್ಟು ನೆಲ ಮಾಯ ಮಾಡಿದ ಸರ್ವೆಯವನು ಅವನ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಈಗ ದೊಡ್ಡಪ್ಪನ ಮಳೆ ಪುಸ್ತಕಕ್ಕೆ ಬರಬೇಕು. ಕಾಫಿಯವರ ಮನೆಯಲ್ಲಿ ದೇವರ ಪಟ ಇಲ್ಲದೆ ಇದ್ದೀತು, ಮಳೆ ಅಳೆಯುವ ಡಬ್ಬ ಇಲ್ಲದೆ ಇರುವುದಿಲ್ಲ. ಬೆಳಗ್ಗೆ ಎದ್ದು ಗಾಜಿನ ಅಳತೆಗೆ ಸುರಿದು, ಇಂಚು ಇಷ್ಟು, ಸೆಂಟು ಇಷ್ಟು ಎಂದು ಬರೆದು, ಫೋನಿನಲ್ಲಿ "ನಿಮ್ಮಲ್ಲಿ ಎಷ್ಟು?" ಎಂದು ಕೇಳಿ, ಅವರದ್ದು ಹೆಚ್ಚಿದ್ದರೆ ಅವರ ಡಬ್ಬದ ಮೇಲೆ ಅನುಮಾನ ಪಡುವುದು ಇಲ್ಲಿನ ಪದ್ಧತಿ. ಹೂಮಳೆಯ ಕಾಲದಲ್ಲಂತೂ ಒಂದು ತೋಟಕ್ಕೆ ಬಿದ್ದು ಪಕ್ಕದ್ದಕ್ಕೆ ಬೀಳದೆ ಹೋದರೆ ಆ ವರ್ಷದ ಫಸಲೇ ಬೇರೆ ದಾರಿ ಹಿಡಿಯುತ್ತದೆ. ಹಾಗಿರುವಾಗ, ಡಬ್ಬ ಇಲ್ಲದ ಜಾಗದಲ್ಲಿ ಎಷ್ಟು ಬಿತ್ತು ಅನ್ನುವುದು ಹೇಗೆ? ಅಮೆರಿಕದ ಹವಾಮಾನ ಇಲಾಖೆಯ ಆಲ್ಫ್ರೆಡ್ ಥೀಸನ್ 1911ರಲ್ಲಿ ಇದಕ್ಕೆ ಸರಳ ಪರಿಹಾರ ಹೇಳಿದ: ಪ್ರತಿಯೊಂದು ಜಾಗವೂ ತನಗೆ ಅತಿ ಹತ್ತಿರದ ಡಬ್ಬದ ಹಿಸ್ಸೆಗೆ ಸೇರಿದ್ದು. ಹೀಗೆ ಹಂಚಿದರೆ ಊರೆಲ್ಲ ಬಹುಕೋನಗಳಾಗಿ ಒಡೆಯುತ್ತದೆ. ರಷ್ಯಾದ ಗಣಿತಜ್ಞ ವೊರೊನೊಯ್ ಇದೇ ಹಂಚಿಕೆಯನ್ನು 1908ರಲ್ಲಿ ಮಳೆಯ ಗೊಡವೆಯಿಲ್ಲದೆ ಶುದ್ಧ ಗಣಿತವಾಗಿ ಬರೆದಿದ್ದ.

ಗಡಿ ಹಂಚಿಕೊಂಡಿರುವ ಎರಡೆರಡು ಡಬ್ಬಗಳನ್ನು ಗೆರೆಯಿಂದ ಸೇರಿಸುತ್ತ ಹೋದರೆ ತ್ರಿಕೋನಗಳ ಜಾಲರಿ ಹುಟ್ಟುತ್ತದೆ. 1934ರಲ್ಲಿ ಗಣಿತಜ್ಞ ಬೋರಿಸ್ ಡೆಲೊನೆ ಆ ಜಾಲರಿಯ ಲಕ್ಷಣ ಹೇಳಿದ: ಯಾವ ತ್ರಿಕೋನದ ಮೂರು ತುದಿಯ ಮೇಲೆ ವೃತ್ತ ಎಳೆದರೂ ಅದರೊಳಗೆ ನಾಲ್ಕನೆಯ ಡಬ್ಬ ಬರಕೂಡದು. ಇಷ್ಟೇ ನಿಯಮ. ಇವತ್ತು ವಿಮಾನಕ್ಕೆ, ಕಾರಿಗೆ, ಹೃದಯದ ಕವಾಟಕ್ಕೆ ಜಾಲರಿ ಹೆಣೆಯುವ ಎಷ್ಟೋ ತಂತ್ರಾಂಶಗಳ ಹೊಟ್ಟೆಯಲ್ಲಿ ಕೂತಿರುವುದು ಇದೇ ನಿಯಮ. ಡೆಲೊನೆ ದೊಡ್ಡ ಪರ್ವತಾರೋಹಿ ಕೂಡ. ಅಲ್ತಾಯ್ ಪರ್ವತಗಳಲ್ಲಿ ಅವನ ಹೆಸರಿನ ಶಿಖರವಿದೆ. ನಮ್ಮ ಮುಳ್ಳಯ್ಯನಗಿರಿಯ 1,930 ಮೀಟರನ್ನು ತಿಂಡಿಗೆ ಮುಂಚೆ ಹತ್ತಿ ಇಳಿಯುವ ಆಸಾಮಿ.

ಸಮತಲದಲ್ಲಿ ಈ ನಿಯಮ ಬಂಗಾರ. ಮೂರನೆಯ ಆಯಾಮ ಸೇರಿದ ಕೂಡಲೇ ಬಂಗಾರಕ್ಕೆ ತಾಮ್ರ ಬೆರೆಯುತ್ತದೆ. ತ್ರಿಕೋನದ ಜಾಗದಲ್ಲಿ ನಾಲ್ಕು ಮುಖದ ಗಟ್ಟಿಗಳು ಬರುತ್ತವೆ. ಸಮನಾದ ಇಂಥ ಗಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿ ಜಾಗವನ್ನು ಸಂದಿಲ್ಲದೆ ತುಂಬಬಹುದು ಎಂದು ಅರಿಸ್ಟಾಟಲ್ ಹೇಳಿಬಿಟ್ಟ. ದೊಡ್ಡವರ ಮಾತು, ಯಾರು ತೆಗೆದುಹಾಕುತ್ತಾರೆ? ನೂರಾರು ವರ್ಷ ವ್ಯಾಖ್ಯಾನಕಾರರು ಅದನ್ನೇ ಸಮರ್ಥಿಸಿಕೊಂಡು ಬಂದರು. ನಿಜ ಏನೆಂದರೆ, ಒಂದು ಅಂಚಿನ ಸುತ್ತ ಐದು ಗಟ್ಟಿಗಳನ್ನು ಇಟ್ಟರೆ ಸುಮಾರು 7 ಡಿಗ್ರಿಯಷ್ಟು ಸಂದು ಉಳಿಯುತ್ತದೆ, ಆರನೆಯದು ತೂರುವುದಿಲ್ಲ. ಆ 7 ಡಿಗ್ರಿಯೇ ನಮ್ಮ ಕಸುಬಿನವರ ರಾತ್ರಿಪಾಳಿ. ಸಂದು ಮುಚ್ಚಲು ಗಟ್ಟಿಗಳನ್ನು ಎಳೆದು ತಿರುಚುತ್ತಾರೆ. ನಡುನಡುವೆ ಹಪ್ಪಳದಂತೆ ಚಪ್ಪಟೆಯಾದ, ಮುಖ ಇದ್ದೂ ಒಡಲಿಲ್ಲದ ಚೂರುಗಳು ಹುಟ್ಟಿಕೊಳ್ಳುತ್ತವೆ. ಒಂದು ಕೋಟಿ ಒಳ್ಳೆಯ ಚೂರಿನ ನಡುವೆ ಇಂಥದ್ದು ನಾಲ್ಕು ಸಾಕು, ಲೆಕ್ಕ ಕೆಟ್ಟು ಕೂರುತ್ತದೆ. ಇನ್ನೂ ಕೆಟ್ಟದ್ದು ಗಾತ್ರ ಸೊನ್ನೆಗಿಂತ ಕಡಿಮೆ ಇರುವ ಚೂರು. ಅಂದರೆ ಒಂದು ಹಿಸ್ಸೆ ಮಗುಚಿ ಇನ್ನೊಂದರ ಮೇಲೆ ಬಿದ್ದಿದೆ ಎಂದರ್ಥ. ದೊಡ್ಡಪ್ಪನಿಗೆ ಇದನ್ನು ವಿವರಿಸಬೇಕಾಗಲಿಲ್ಲ. "ಒತ್ತುವರಿ" ಎಂದರು.

ಇಷ್ಟೆಲ್ಲ ಆಗುವುದು ವಸ್ತುವಿನ ಆಕಾರ ಚೊಕ್ಕಟವಾಗಿ ಕೈಗೆ ಬಂದರೆ. ಬರುವುದೇ ಇಲ್ಲ. ಕಾರಿನ ಮಾದರಿ ಬರೆದವರು ಅದನ್ನು ತಯಾರಿಸಲು ಬರೆದಿರುತ್ತಾರೆ. ಗಾಳಿಯ ಲೆಕ್ಕಕ್ಕೆ ಅಂತ ಬರೆದದ್ದಲ್ಲ. ಅದರಲ್ಲಿ ಬೋಲ್ಟಿನ ಮರೆಯೂ ಇರುತ್ತದೆ, ರಬ್ಬರು ಪಟ್ಟಿಯ ಮೇಲೆ ಕೊರೆದ ಅಕ್ಷರವೂ ಇರುತ್ತದೆ. ಇರಬಾರದ ಒಂದು ಕಡೆ ಎರಡು ತಗಡಿನ ನಡುವೆ ಕೂದಲೆಳೆಯ ಸಂದು ಬಿಟ್ಟುಹೋಗಿರುತ್ತದೆ. ಆ ಸಂದಿನಲ್ಲಿ ಜಾಲರಿ ಹೆಣೆಯುವ ತಂತ್ರಾಂಶ ಒಳಕ್ಕೆ ನುಗ್ಗಿ ಸೀಟು, ಸ್ಟೀರಿಂಗು ಎಲ್ಲವನ್ನೂ ಹೊರಗಿನ ಗಾಳಿ ಎಂದು ತಿಳಿದು ಪೋಡಿ ಮಾಡಿಬಿಡುತ್ತದೆ. ಹಾಗಾಗಿ ಮೊದಲ ಕೆಲಸ ಸಂದು ಮುಚ್ಚುವುದು, ಬೇಡದ್ದನ್ನು ಅಳಿಸುವುದು. ಇದರಲ್ಲೇ ದಿನಗಳು ಹೋಗುತ್ತವೆ. ನಾಸಾಗಾಗಿ 2014ರಲ್ಲಿ ತಯಾರಾದ ಒಂದು ದೊಡ್ಡ ವರದಿ, 2030ರ ಹೊತ್ತಿಗೆ ಈ ವಿದ್ಯೆ ಎಲ್ಲಿರಬೇಕು ಎಂದು ನೋಡುತ್ತ, ಇಡೀ ಕೆಲಸದಲ್ಲಿ ಕತ್ತು ಹಿಚುಕುವ ಜಾಗಗಳಲ್ಲಿ ಜಾಲರಿ ಹೆಣೆಯುವುದೂ ಒಂದು ಎಂದು ಒಪ್ಪಿಕೊಂಡಿದೆ. ಯಂತ್ರದ ವೇಗ ಎಷ್ಟು ಏರಿದರೂ ಈ ಹಂತದಲ್ಲಿ ಮನುಷ್ಯ ಕಣ್ಣಿಟ್ಟು ನೋಡಬೇಕು. ಯಾವ ಬೋಲ್ಟು ಗಾಳಿಗೆ ಲೆಕ್ಕವಿಲ್ಲ, ಯಾವ ಅಂಚು ಗಾಳಿಯನ್ನು ಸೀಳುತ್ತದೆ ಎಂಬುದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ.

ಹಾಗಾದರೆ ಎಲ್ಲ ಕಡೆ ಸಣ್ಣ ಸಣ್ಣ ಚೂರು ಮಾಡಿದರಾಯಿತಲ್ಲ? ಚೂರಿನ ಅಳತೆಯನ್ನು ಅರ್ಧ ಮಾಡಿದರೆ ಚೂರುಗಳು ಎಂಟು ಪಟ್ಟು. ಅಷ್ಟಕ್ಕೇ ನಿಲ್ಲುವುದಿಲ್ಲ. ಗಾಳಿ ಒಂದು ಹೆಜ್ಜೆ ಹೊತ್ತಿನಲ್ಲಿ ಒಂದು ಚೂರನ್ನು ಹಾರಿ ದಾಟುವಂತಿಲ್ಲ ಎಂದು ಕೌರಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು 1928ರಲ್ಲೇ ಕಟ್ಟಳೆ ಹಾಕಿದ್ದಾರೆ. ಚೂರು ಅರ್ಧವಾದರೆ ಕಾಲದ ಹೆಜ್ಜೆಯೂ ಅರ್ಧವಾಗಬೇಕು, ಒಟ್ಟು ಕೆಲಸ ಹದಿನಾರು ಪಟ್ಟು. ನಮ್ಮ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಕಾಲದ ಹೆಜ್ಜೆ ಹದಿಮೂರು ಹದಿನಾಲ್ಕು ದಿನ. ಪುನರ್ವಸು, ಪುಷ್ಯ, ಆಶ್ಲೇಷ ಎಂದು ಇಪ್ಪತ್ತೇಳು ಹೆಜ್ಜೆಗೆ ವರ್ಷ ಮುಗಿಯುತ್ತದೆ. ಆ ಮೂವರು ನೋಡಿದ್ದರೆ ಎದೆ ಹಿಡಿದುಕೊಳ್ಳುತ್ತಿದ್ದರು. ದೊಡ್ಡಪ್ಪನಿಗೆ ಅದೇ ಸಾಕು, ಕರೆಂಟೂ ಬೇಡ.

ಆದ್ದರಿಂದ ಜಾಣತನ ಇರುವುದು ಎಲ್ಲಿ ಸಣ್ಣದು ಮಾಡಬೇಕು, ಎಲ್ಲಿ ದೊಡ್ಡದಾಗಿ ಬಿಡಬೇಕು ಎಂಬುದರಲ್ಲಿ. 1904ರಲ್ಲಿ ಹೈಡೆಲ್‌ಬರ್ಗಿನ ಗಣಿತ ಸಮ್ಮೇಳನದಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ ಜರ್ಮನ್ ತರುಣ ಒಂದು ಪುಟ್ಟ ಪ್ರಬಂಧ ಓದಿದ. ವಸ್ತುವಿನ ಮೈಗೆ ತಾಗಿದ ಗಾಳಿ ಅಂಟಿಕೊಂಡು ನಿಂತಿರುತ್ತದೆ, ಅಲ್ಲಿಂದ ಸ್ವಲ್ಪ ದೂರದಲ್ಲೇ ಪೂರ್ತಿ ವೇಗದಲ್ಲಿ ಓಡುತ್ತಿರುತ್ತದೆ, ಎಲ್ಲ ಗಲಾಟೆ ಆ ತೆಳು ಪದರದಲ್ಲಿ ಎಂದ. ಗಂಟೆಗೆ 100 ಕಿಲೋಮೀಟರ್ ಓಡುವ ಕಾರಿನ ಮೈಮೇಲೆ ಆ ಪದರವನ್ನು ನೆಟ್ಟಗೆ ಹಿಡಿಯಬೇಕಾದರೆ ಮೊದಲ ಚೂರಿನ ದಪ್ಪ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಇರಬೇಕು. ತಲೆಗೂದಲಿಗಿಂತ ತೆಳು. ಅದೇ ಕಾರಿನಿಂದ ಇಪ್ಪತ್ತು ಮೀಟರ್ ಆಚೆ ಒಂದೊಂದು ಚೂರು ಅಕ್ಕಿಮೂಟೆಯಷ್ಟಿದ್ದರೂ ಯಾರೂ ಕೇಳುವುದಿಲ್ಲ. ಕೂದಲಿನಿಂದ ಮೂಟೆಗೆ ಮೆಲ್ಲಗೆ, ಜರ್ಕು ಹೊಡೆಯದಂತೆ ಬೆಳೆಸಿಕೊಂಡು ಹೋಗುವುದೇ ಕಸುಬು.

ಈ ಗಡಿ ರಗಳೆಯೇ ಬೇಡ ಎಂದು ನಮ್ಮ ಬೆಂಗಳೂರಿನಲ್ಲೇ ಕೆಲವರು ಹೊರಟರು. ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾಂತರಿಕ್ಷ ಎಂಜಿನಿಯರಿಂಗ್ ವಿಭಾಗದ ಎಸ್. ಎಂ. ದೇಶಪಾಂಡೆ ಮತ್ತು ಎ. ಕೆ. ಘೋಷ್ 1995ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಜಾಲರಿಯೇ ಇಲ್ಲ. ಗಾಳಿಯಲ್ಲಿ ಅಲ್ಲಲ್ಲಿ ಬಿಂದುಗಳನ್ನು ಚೆಲ್ಲುವುದು, ಪ್ರತಿ ಬಿಂದುವೂ ಸುತ್ತಲ ನಾಲ್ಕಾರು ನೆರೆಯವರನ್ನು ನೋಡಿ ತನ್ನ ಲೆಕ್ಕ ತಾನು ಮಾಡಿಕೊಳ್ಳುವುದು. ಬಾಂದುಕಲ್ಲು ಉಂಟು, ಬೇಲಿ ಇಲ್ಲ. ಎಂಥ ಸೊಟ್ಟ ಆಕಾರವಾದರೂ ಬಿಂದು ಚೆಲ್ಲಲು ಅಡ್ಡಿಯಿಲ್ಲವಲ್ಲ. "ಗೋಮಾಳ" ಎಂದು ದೊಡ್ಡಪ್ಪ ಕೂಡಲೇ ಹಿಡಿದರು. ಗೋಮಾಳದ ತೊಂದರೆಗಳೂ ಇವೆ. ರೆಕ್ಕೆಯ ತೆಳುವಾದ ಹಿಂದಂಚಿನಲ್ಲಿ ಮೇಲಿನ ಬಿಂದುವಿಗೆ ಕೆಳಗಿನದ್ದು ಅತಿ ಹತ್ತಿರ ಕಾಣುತ್ತದೆ, ಆದರೆ ನಡುವೆ ರೆಕ್ಕೆಯೇ ಇದೆ. ಅವರಿಬ್ಬರು ನೆರೆಯವರಲ್ಲ ಎಂದು ಯಾರಾದರೂ ಹೇಳಿಕೊಡಬೇಕು. ಬೇಲಿ ಇಲ್ಲದ್ದರಿಂದ ಇಲ್ಲಿ ಹೋದದ್ದು ಅಲ್ಲಿ ಪೂರ್ತಿ ಜಮೆಯಾಯಿತು ಎಂಬ ಖಾತರಿಯೂ ಸಡಿಲ. ಆದರೂ ನನಗೆ ಇದರ ಮೇಲೆ ವಿಶೇಷ ಪ್ರೀತಿ. ವಿಧಾನ ಮಾತ್ರವಲ್ಲ, ಲೆಕ್ಕ ಹಾಕುವ ಯಂತ್ರವೂ ಬೆಂಗಳೂರಿನಲ್ಲಿ ಹುಟ್ಟಿದ್ದುಂಟು: ಅದೇ ಊರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ, ರೊದ್ದಂ ನರಸಿಂಹ ನಿರ್ದೇಶಕರಾಗಿದ್ದಾಗ, 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರನ್ನು ಕಟ್ಟಿದರು. ವಿಮಾನದ ಸುತ್ತಲಿನ ಗಾಳಿಗೆಂದು ಹುಟ್ಟಿದ ಯಂತ್ರದ ವಂಶ ಕಡೆಗೆ ಮಳೆಯ ಲೆಕ್ಕಕ್ಕೂ ಇಳಿಯಿತು. ಆ ಮಳೆಯ ಮಾದರಿಗೆ ವರ್ಷ ಎಂದೇ ಹೆಸರಿಟ್ಟರು.

ಮಳೆಗೆ ಬಂದೆವಲ್ಲ, ವಸ್ತಾರೆಯ ಗುಡ್ಡಕ್ಕೇ ಜಾಲರಿ ಹಾಕಿದರೆ ಏನಾಗುತ್ತದೆ? ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಗಾಳಿ ಯಾವ ಕಣಿವೆಯಿಂದ ನುಗ್ಗುತ್ತದೆ ಎಂದು ತಿಳಿದರೆ ಲಾಭವೇ. ನೆಲದ ಎತ್ತರದ ಅಂಕಿಗಳು ಪುಕ್ಕಟೆ ಸಿಗುತ್ತವೆ: 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ಹನ್ನೊಂದು ದಿನದ ಯಾನದಲ್ಲಿ ಭೂಮಿಯ ನೆಲಭಾಗದ ಬಹುಪಾಲನ್ನು ರೇಡಾರಿನಿಂದ ಅಳೆಯಿತು, ಸುಮಾರು 30 ಮೀಟರಿಗೊಂದು ಬಿಂದು. ಆದರೆ ಆ ರೇಡಾರಿನ ಅಲೆ ನಮ್ಮ ತೋಟದೊಳಗೆ ನೆಲದ ತನಕ ಇಳಿಯುವುದಿಲ್ಲ, ನೆರಳುಮರಗಳ ಹಂದರದಲ್ಲೇ ತಡೆದು ಹಿಂದಿರುಗುತ್ತದೆ. ಹಾಗಾಗಿ ಅದರ ಪ್ರಕಾರ ಸಿಲ್ವರ್ ಮರದ ತಲೆಯೂ ಗುಡ್ಡದ್ದೇ ಭಾಗ. ಮರ ಕಡಿದ ಜಾಗದಲ್ಲಿ ಇದ್ದಕ್ಕಿದ್ದಂತೆ ಹಳ್ಳ. ಗಾಳಿಗೆ ಮರ ಗೋಡೆಯಲ್ಲ, ಒಳಗೆ ನುಸುಳಿ ಸುಸ್ತಾಗಿ ಹೊರಬರುತ್ತದೆ. ಅದನ್ನು ಎಲೆ ಎಲೆಯಾಗಿ ಪೋಡಿ ಮಾಡಲು ಬ್ರಹ್ಮನಿಗೂ ಆಗದು. ಮರಗಳಿರುವ ಚೂರುಗಳಲ್ಲಿ ಗಾಳಿಗೆ ಇಷ್ಟು ತಡೆ ಎಂದು ಒಂದು ಅಂಕಿ ಬರೆದು ಮುಂದೆ ಹೋಗುತ್ತಾರೆ. ಕಾರಿನ ಬೋಲ್ಟನ್ನು ಅಳಿಸುವವನು ಕಾಡನ್ನು ಅಂಕಿ ಮಾಡಬೇಕಾಗುತ್ತದೆ.

ಮುನ್ಸೂಚನೆಯ ಚೌಕಗಳದ್ದು ಇನ್ನೂ ದೊಡ್ಡ ಕಥೆ. ಭಾರತದ ಹವಾಮಾನ ಇಲಾಖೆಯ ಜಾಗತಿಕ ಮಾದರಿಯ ಚೌಕ 12 ಕಿಲೋಮೀಟರಿನದಾಗಿತ್ತು. 2025ರ ಮೇ ತಿಂಗಳಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ವ್ಯವಸ್ಥೆಯಲ್ಲಿ 6 ಕಿಲೋಮೀಟರಿಗೆ ಇಳಿದಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ ದೊಡ್ಡ ಕೆಲಸ, ಒಪ್ಪಬೇಕು. ಆದರೆ ಒಂದು ಗುಡ್ಡ ಗುಡ್ಡದ ಹಾಗೆ ಕಾಣಬೇಕಾದರೆ ಅದರ ಮೇಲೆ ಐದಾರು ಚೌಕವಾದರೂ ಬೀಳಬೇಕು. 36 ಚದರ ಕಿಲೋಮೀಟರಿನ ಒಂದು ಚೌಕದಲ್ಲಿ ನಮ್ಮ ಕಡೆ ಒಂದು ಏರು, ಎರಡು ಹಳ್ಳ, ಮೂರು ಊರು ಇರುತ್ತವೆ, ಯಂತ್ರಕ್ಕೆ ಅಷ್ಟೂ ಸೇರಿ ಒಂದೇ ಎತ್ತರ, ಒಂದೇ ಮಳೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜಾರಿ ಬಂದದ್ದು ಇಡೀ ಚೌಕಕ್ಕೆ ಸಮನಾಗಿ ಅಲ್ಲ, ಒಂದೊಂದು ಧರೆಗೆ. ಹೀಗೆ ಜಾಗಜಾಗಕ್ಕೆ ಬೇರೆಯಾಗುವ ಮಳೆಯನ್ನು ಹಿಡಿಯಲು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಅಳೆದು ಸುದ್ದಿ ಕಳಿಸುವ ಮಳೆಮಾಪಕಗಳನ್ನು ನೆಟ್ಟಿದೆ. ಜೊತೆಗೆ ದೊಡ್ಡಪ್ಪನ ಡಬ್ಬ ಇದೆ.

ನನ್ನ ಕಸುಬಿನವರ ಕೆಲಸವನ್ನು ಯಾರೂ ನೋಡುವುದಿಲ್ಲ ಎಂಬುದು ಗೊಣಗಾಟ ಅಂತಲೇ ಇಟ್ಟುಕೊಳ್ಳಿ. ಸಭೆಯಲ್ಲಿ ತೋರಿಸುವುದು ಕೆಂಪು, ಹಳದಿ, ನೀಲಿಯ ಚಿತ್ರ. ಗಾಳಿ ಹೀಗೆ ಸುಳಿಯಿತು ಎಂದು ಎಲ್ಲರೂ ತಲೆದೂಗುತ್ತಾರೆ. ಕೆಟ್ಟ ಜಾಲರಿಯಿಂದಲೂ ಅಷ್ಟೇ ಚಂದದ ಬಣ್ಣ ಬರುತ್ತದೆ, ಅದೇ ಅಪಾಯ. ಪರೀಕ್ಷೆ ಕಷ್ಟವೇನಲ್ಲ: ಚೂರುಗಳನ್ನು ಇನ್ನಷ್ಟು ಸಣ್ಣ ಮಾಡಿ ಮತ್ತೆ ಲೆಕ್ಕ ಹಾಕಿ, ಉತ್ತರ ಅಲ್ಲಾಡದಿದ್ದರೆ ನಂಬಿ, ಅಲ್ಲಾಡಿದರೆ ಅದು ಜಾಲರಿ ಹೇಳಿದ ಮಾತು, ಗಾಳಿಯದಲ್ಲ. ಬಣ್ಣದ ಚಿತ್ರ ಹಿಡಿದು ಬಂದವರ ಹತ್ತಿರ ಮೊದಲು ಪೋಡಿ ನಕ್ಷೆ ತೋರಿಸಿ ಎನ್ನಿ. ವಸ್ತಾರೆಗೆ ನಾಳೆ ಮಧ್ಯಾಹ್ನ ಮೂರು ಗಂಟೆಗೆ ಮಳೆ ಎಂದು ಮೊಬೈಲು ಹೇಳಿದರೂ ಅಷ್ಟೇ, ಚೌಕ ಎಷ್ಟು ದೊಡ್ಡದು ಎಂದು ಕೇಳಿ. ಕೇಳಿ, ಆದರೆ ಉತ್ತರಕ್ಕೆ ಕಾಯಬೇಡಿ, ಕಣದಲ್ಲಿ ಹರಡಿದ ಕಾಫಿಯನ್ನು ಮೊದಲು ರಾಶಿ ಮಾಡಿ ತಾಡಪಾಲು ಮುಚ್ಚಿ.